ಕಟ್ಟಿದ ದವಡೆಗೆ ಹಲ್ಲು ಬೇಡವೇ?

ಮಾನ್ಯರೇ,

ಕಳೆದ ಕಾರ್ತಿಕದ ಕೊನೆಯ ಸೋಮವಾರ ಅಣ್ಣನನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿದ್ದೆ. ಅಭ್ಯಾಸಬಲದಿಂದ ಎರಡು ಸೇರು ಕೊಂಡ. ದಾರಿಯುದ್ದಕ್ಕೂ ಸುಲಿದು ಮೊಮ್ಮಗನ ಕೈಗೆ ಹಾಕಿದನೇ ಹೊರತು ಒಂದು ಬೀಜವನ್ನೂ ಬಾಯಿಗಿಡಲಿಲ್ಲ.

ಎರಡು ವರ್ಷದ ಹಿಂದೆ ವಸಡಿನ ಕ್ಯಾನ್ಸರಿಗಾಗಿ ಅವನ ಕೆಳದವಡೆಯ ಎಡಭಾಗವನ್ನು ತೆಗೆದರು. (ಹೌದು, ಗುಟ್ಕಾ ತಿನ್ನುತ್ತಿದ್ದ. 2013ರಲ್ಲಿ ರಾಜ್ಯದಲ್ಲಿ ಅದು ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯಲ್ಲಿ ಸಿಗುತ್ತಿತ್ತು.) ತೆಗೆದ ಜಾಗಕ್ಕೆ ಅವನದೇ ಕಾಲಿನ ಹೊರಬದಿಯ ಸಪೂರ ಮೂಳೆಯನ್ನು ಹಾಕಿದರು. ಮೈಭಾರ ಹೊರುವುದು ಪಕ್ಕದ ದಪ್ಪ ಮೂಳೆ. ಹಾಗಾಗಿ ಮಂಡಿಯ ಬಳಿ, ಪಾದದ ಹರಡಿನ ಬಳಿ ಒಂದಿಷ್ಟು ಉಳಿಸಿ ನಡುವಿನದನ್ನು ರಕ್ತನಾಳದ ಸಮೇತ ತೆಗೆಯಬಹುದಂತೆ. ಅದನ್ನು ತುಂಡರಿಸಿ, ದವಡೆಯ ಬಾಗಿಗೆ ಹೊಂದಿಸಿ, ಟೈಟಾನಿಯಂ ಪಟ್ಟಿಗೆ ಸ್ಕ್ರೂ ಬಿಗಿದು, ಎರಡು ಮೂರು ಮಿಲಿಮೀಟರ್ ದಪ್ಪದ ನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿದರು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವನು ಹೊರಗೆ ಬಂದಾಗ ಸಂಜೆ ಏಳು. ವೈದ್ಯರಿಗೆ ಕೈಮುಗಿಯಬೇಕು. ವಿಮಾ ಕಂಪನಿಯೂ ಆ ಬಿಲ್ಲನ್ನು ಮರುಮಾತಿಲ್ಲದೆ ಕಟ್ಟಿತು.

ತಕರಾರು ಬಂದದ್ದು ಹಲ್ಲಿಗೆ. ಮೂಳೆ ಕೂಡಿಕೊಂಡಿದೆ, ಇನ್ನು ಇಂಪ್ಲಾಂಟ್ (ಮೂಳೆಗೇ ಬಿಗಿದು ಕೂರಿಸುವ ಕೃತಕ ಹಲ್ಲು) ಕೂರಿಸಬಹುದು ಎಂದು ವೈದ್ಯರು ಬರೆದುಕೊಟ್ಟರೆ, 'ದಂತ ಚಿಕಿತ್ಸೆ ಪಾಲಿಸಿಯಲ್ಲಿ ಬರುವುದಿಲ್ಲ' ಎಂದು ಕಂಪನಿಯ ಉತ್ತರ. ಮತ್ತೆ ಬರೆದಾಗ 'ಸೌಂದರ್ಯ ಚಿಕಿತ್ಸೆ' ಎಂಬ ಇನ್ನೊಂದು ಕಾರಣವೂ ಸೇರಿಕೊಂಡಿತು. ಅರವತ್ತೆರಡರ ಅಣ್ಣನಿಗೆ ಸೌಂದರ್ಯವಂತೆ! ಅವನು ದಿನಾ ಮುದ್ದೆ ಉಣ್ಣುತ್ತಾನೆ, ಏಕೆಂದರೆ ಮುದ್ದೆಯನ್ನು ಅಗಿಯುವ ಗೊಡವೆಯಿಲ್ಲ, ನುಂಗಿದರಾಯಿತು. ಚಪಾತಿಯಾದರೆ ಹಾಲಿನಲ್ಲಿ ನೆನೆಯಬೇಕು, ಅವರೆಕಾಳನ್ನು ಅತ್ತಿಗೆ ಬೆರಳಲ್ಲೇ ನುರಿದು ಹಾಕಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸೌಂದರ್ಯ ಚಿಕಿತ್ಸೆಗೆ ಪರಿಹಾರವಿಲ್ಲ ಎನ್ನುವ ಕಲಮಿನಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಪುನರ್‌ನಿರ್ಮಾಣಕ್ಕೆ ವಿನಾಯಿತಿ ಇದೆ. ದವಡೆಯ ಪುನರ್‌ನಿರ್ಮಾಣವೆಂದರೆ ಹಲ್ಲೂ ಸೇರಿದಂತೆ ಎಂಬ ಒಂದು ಸಾಲನ್ನು ಪ್ರಾಧಿಕಾರ ಅದಕ್ಕೆ ಸೇರಿಸಲಿ. ಆರೋಗ್ಯ ಕರ್ನಾಟಕದಂಥ ಸರ್ಕಾರಿ ಯೋಜನೆಗಳಲ್ಲೂ ಈ ಮಾತು ಸ್ಪಷ್ಟವಾಗಿರಲಿ.

ನಾವು ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇವೆ. ಜೊತೆಗೆ ಎಕ್ಸ್‌ರೇ ಲಗತ್ತಿಸಿದ್ದೇವೆ. ಅದರಲ್ಲಿ ಒಂಬತ್ತು ಸ್ಕ್ರೂ ಎಣಿಸಬಹುದು. ಅವುಗಳ ಮೇಲಿನ ಸಾಲು ಖಾಲಿ.

ಒಬ್ಬ ಓದುಗ, ಹನುಮಂತನಗರ, ಬೆಂಗಳೂರು