ಗಮ್ ಪ್ರಿಂಟ್: ಹಳದಿ ಮೊದಲೇ ಬರಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮೂರು ಬಣ್ಣದ ಗಮ್ ಪ್ರಿಂಟ್ (ಗೋಂದು, ಬಣ್ಣ ಮತ್ತು ಬೆಳಕು ಬಿದ್ದಲ್ಲಿ ಗೋಂದನ್ನು ಗಟ್ಟಿಮಾಡುವ ಡೈಕ್ರೋಮೇಟ್ ಬೆರೆಸಿ ಕಾಗದಕ್ಕೆ ಬಳಿದು, ಒಂದೊಂದು ಬಣ್ಣಕ್ಕೂ ಒಂದೊಂದು ನೆಗೆಟಿವ್ ಇಟ್ಟು ಬೆಳಕಿಗೊಡ್ಡಿ, ತೊಳೆದು ಫೋಟೊ ಮೂಡಿಸುವ ವಿಧಾನ) ಬಗ್ಗೆ ಬಂದ ಲೇಖನ, ಹಳದಿ, ಕೆಂಪು, ನೀಲಿ ಎಂಬ ಕ್ರಮವನ್ನು ಕಟ್ಟಳೆಯಂತೆ ಹೇಳಿಬಿಟ್ಟಿದೆ. ಕ್ರಮ ತೀರ್ಮಾನವಾಗುವುದು ವರ್ಣದ್ರವ್ಯ ಎಷ್ಟು ಪಾರದರ್ಶಕ ಎಂಬುದರ ಮೇಲೆ. ಕ್ಯಾಡ್ಮಿಯಮ್ ಹಳದಿ ಅಪಾರದರ್ಶಕ. ನೀಲಿಯ ಮೇಲೆ ಹಚ್ಚಿದರೆ ಗಾಢ ನೆರಳುಗಳು ಸುಣ್ಣ ಬಳಿದಂತೆ ಮಂಕಾಗುತ್ತವೆ. ಹಾಗಾಗಿ ಅದು ತಳದಲ್ಲೇ ಇರಬೇಕು. ಪಿವೈ 150ರಂಥ (ಇದು ಬಣ್ಣದ ಟ್ಯೂಬಿನ ಮೇಲಿರುವ ಪಿಗ್ಮೆಂಟ್ ಸಂಖ್ಯೆ) ಪಾರದರ್ಶಕ ಹಳದಿಗೆ ಈ ಕಟ್ಟು ಇಲ್ಲ. ಆಗ ನೀಲಿಯಿಂದ ಶುರುಮಾಡುವುದೇ ಮೇಲು. ಮುಂದಿನ ನೆಗೆಟಿವ್ ಕೂರಿಸಲು ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಳದಿ ಬಲ್ಬಿನ ಬೆಳಕಲ್ಲಿ ಹಳದಿ ಚಿತ್ರ ಕಣ್ಣಿಗೇ ಬೀಳುವುದಿಲ್ಲ.

ಟ್ಯೂಬ್ ಕೊಳ್ಳುವಾಗ ಹೆಸರು ನಂಬಬೇಡಿ, ಹಿಂಬದಿಯ ಪಿಗ್ಮೆಂಟ್ ಸಂಖ್ಯೆ ನೋಡಿ. ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು (ಪಿಆರ್ 83) ಬೆಳಕಿಗೆ ಮಾಸುತ್ತದೆ. ಬದಲಿಗೆ ಪಿವಿ 19 ಅಥವಾ ಪಿಆರ್ 122 ಇರಲಿ. ನೀಲಿಗೆ ಪಿಬಿ 15:3, ಅಂದರೆ ಥ್ಯಾಲೋ ನೀಲಿ. ಅದರ ಕಸುವು ಜಾಸ್ತಿ: 10 ಮಿ.ಲೀ. ಗೋಂದಿಗೆ ಕೆಂಪು ಸುಮಾರು 1 ಗ್ರಾಂ ಹಾಕಿದರೆ ಇದು ಅದರ ಅರ್ಧಕ್ಕೂ ಕಡಿಮೆ ಸಾಕು. ಆಮೇಲೆ ಗೋಂದಿನಷ್ಟೇ ಅಳತೆಯ ಡೈಕ್ರೋಮೇಟ್ ದ್ರಾವಣ.

ಡೈಕ್ರೋಮೇಟ್ ಇಲ್ಲದೆ ಗೋಂದು-ಬಣ್ಣ ಮಾತ್ರ ಬಳಿದು, ತೊಳೆದು, ಕಾಗದದಲ್ಲಿ ಕಲೆ ಉಳಿಯುತ್ತದೆಯೇ ಪರೀಕ್ಷಿಸಿ ಎಂದು ಲೇಖನ ಹೇಳಿದೆ. ಹಳೆಯ ಸಲಹೆ, ಆದರೆ ದಾರಿ ತಪ್ಪಿಸುವಂಥದ್ದು. ಪೂರ್ತಿ ಮಿಶ್ರಣದ ನಡವಳಿಕೆಯೇ ಬೇರೆ. ಅದನ್ನೇ ಒಂದು ಪಟ್ಟಿಗೆ ಬಳಿದು, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಬೆಳಕಿಗೊಡ್ಡಿ, ನೀರಲ್ಲಿ ಮಗುಚಿ ಹಾಕಿ ಅರ್ಧ ಗಂಟೆ ಬಿಡಿ. ಮುಚ್ಚಿದ ಭಾಗದಲ್ಲೂ ಬಣ್ಣ ಉಳಿದರೆ ಜೆಲಟಿನ್ ಸೈಜಿಂಗ್ (ಬಣ್ಣ ಕಾಗದದೊಳಗೆ ಇಳಿಯದಂತೆ ಮೊದಲೇ ಹಚ್ಚುವ ಲೇಪ) ಸಾಲದು, ಇಲ್ಲವೇ ಬಣ್ಣ ಹೆಚ್ಚಾಗಿದೆ. ಬೆಳಕು ಬಿದ್ದ ಭಾಗವೂ ಪದರ ಪದರವಾಗಿ ಕಳಚಿ ಹೋದರೆ ಲೇಪನ ದಪ್ಪವಾಗಿದೆ: ಮೇಲ್ಭಾಗ ಮಾತ್ರ ಗಟ್ಟಿಯಾಗಿ, ತಳದ ಗೋಂದು ಕರಗಿರುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದ ತೇವದಲ್ಲಿ ಲೇಪಿಸಿದ ಕಾಗದ ಕತ್ತಲಲ್ಲೂ ತಾನಾಗಿ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಇಡದೆ, ಒಣಗಿದ ಕೂಡಲೇ ಬೆಳಕಿಗೊಡ್ಡಬೇಕು. ಕಾಗದವನ್ನು ಸೈಜಿಂಗ್‌ಗೆ ಮೊದಲೇ ಬಿಸಿನೀರಲ್ಲಿ ನೆನೆಸಿ ಒಣಗಿಸಿ ಕುಗ್ಗಿಸದಿದ್ದರೆ ಎರಡನೇ ನೆಗೆಟಿವ್ ಕೂರುವುದೇ ಇಲ್ಲ.

ಲೇಖನದಲ್ಲಿ ಕೈಗವಸಿನ ಸುದ್ದಿಯೇ ಇಲ್ಲದಿರುವುದು ದೊಡ್ಡ ಲೋಪ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಚರ್ಮಕ್ಕೂ ಅಲರ್ಜಿ ತರುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಬೇಕು, ಪುಡಿ ತೂಗುವಾಗ ಮಾಸ್ಕ್ ಬೇಕು, ಈ ಕೆಲಸಕ್ಕೆ ಅಡುಗೆಮನೆಯ ಪಾತ್ರೆ ಬಳಸಬಾರದು.

– ಓದುಗರೊಬ್ಬರು, ಮೈಸೂರು