ಹರಾಜಿನ ಹಳೆ ಬಂದೂಕು: ಕೈ ಎತ್ತುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಬೀದರ್ ಕೋಟೆ ಬಾಗಿಲಲ್ಲಿ ಸೇರೋಣ. ಕಲಬುರಗಿಯವರು ಒಂದೇ ಗಾಡಿಯಲ್ಲಿ ಬನ್ನಿ.

ಹೋದ ತಿಂಗಳು ಹರಾಜಿನಲ್ಲಿ ಒಂದು ಮಾರ್ಟಿನಿ-ಹೆನ್ರಿ (ಬ್ರಿಟಿಷ್ ಸೇನೆಯ ಹಳೆ ರೈಫಲ್) ನೋಡಿ ನಾನೂ ಮರುಳಾಗಿದ್ದೆ. ಮುಂಗಡ ಕೊಟ್ಟ ಮೇಲೆ ಕನ್ನಡಕ ಹಾಕ್ಕೊಂಡು ಮುದ್ರೆ ನೋಡಿದೆ. ಕಿರೀಟ, ಅದರ ಕೆಳಗೆ ‘ವಿ.ಆರ್.’ (ವಿಕ್ಟೋರಿಯಾ ರೆಜೀನಾ, ಅಂದರೆ ವಿಕ್ಟೋರಿಯಾ ರಾಣಿ), ಅದರ ಕೆಳಗೆ 1906! ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದೇ 1901ರಲ್ಲಿ, ಅಲ್ವಾ? ಬ್ರಿಟಿಷರ ಬಂದೂಕು ಕಾರ್ಖಾನೆಯ ಹೆಸರು ‘ಎನ್‌ಫೀಲ್ಡ್’, ಆ ಪದದ ‘ಎನ್’ (N) ಅಕ್ಷರ ಬೇರೆ ಉಲ್ಟಾ. ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಡೆಯ ಕಮ್ಮಾರರು ನೋಡಿ ನೋಡಿ ಕೆತ್ತಿದ ನಕಲಿನ ಗುರುತು ಇದೇ. ಮುಂಗಡ ವಾಪಸ್ ಬರಲಿಲ್ಲ ಬಿಡಿ.

ಕಾನೂನಿನ ಮಾತು. ರಿಪೇರಿ ಮಾಡಿದರೂ ಗುಂಡು ಹಾರದ ಹಳೆ ಬಂದೂಕಿಗೆ 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಹಾರುವಂಥದ್ದಾದರೆ ಸುಮ್ನೆ ಮನೆಗೆ ತರಬೇಡಿ, ಮೊದಲು ಲೈಸೆನ್ಸ್ ವಿಚಾರಿಸಿ. ‘ಅಜ್ಜನ ಕಾಲದ್ದು’ ಅಂದರೆ ಪೊಲೀಸರು ಕೇಳೋದಿಲ್ಲ.

ಮರದ ಹಿಡಿಗೆ ವಾರ್ನಿಷ್ ಬೇಡ, ಮರಳು ಕಾಗದವಂತೂ ಬೇಡವೇ ಬೇಡ, ಮುದ್ರೆ ಅಳಿಸಿ ಹೋಗುತ್ತೆ. ಅಗಸೆ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಸಾಕು. ರೊಟ್ಟಿ ಜೊತೆ ಅಗಸಿ ಹಿಂಡಿ ತಿನ್ನುವ ನಮಗೆ ಅದನ್ನು ಹುಡುಕೋದು ಕಷ್ಟವಲ್ಲ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಬಂದೂಕು ತರಬೇಡಿ, ಮುದ್ರೆಯ ಫೋಟೋ ತನ್ನಿ.