ನನಗೆ ಆಗ ಟೈಫಾಯ್ಡ್ ಆಗಿರಲಿಲ್ಲ

ಗೆಳೆಯಾ,

ಮೂರು ವರ್ಷದ ಹಿಂದೆ ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ನೀನು ಯಾದಗಿರಿಯಿಂದ ಫೋನ್ ಮಾಡಿದ್ದೆ. ಏನಾಗಿದೆ ಅಂತ ಕೇಳಿದೆ. ಟೈಫಾಯ್ಡ್ ಅಂದೆ. ಅದು ಸುಳ್ಳು. ಹದಿಮೂರು ದಿನದಿಂದ ನನಗೆ ಮುಟ್ಟು ನಿಂತಿರಲಿಲ್ಲ. ಹಿಮೋಗ್ಲೋಬಿನ್ 6.2ಕ್ಕೆ ಇಳಿದಿತ್ತು. ಎಡಗೈಗೆ ರಕ್ತದ ಬಾಟಲಿ ಹಚ್ಚಿದ್ದರು, ಬಲಗೈಯಲ್ಲಿ ಮೊಬೈಲ್ ಹಿಡಿದು ನಿನಗೆ ಜ್ವರದ ಕಥೆ ಹೇಳಿದೆ. ಡಿಗ್ರಿ ದಿನಗಳಿಂದ ಗೆಳೆತನ. ಮನೆ ಸಾಲದಿಂದ ಹಿಡಿದು ಅತ್ತೆಯ ಜೊತೆಗಿನ ಜಗಳದವರೆಗೆ ಎಲ್ಲ ಹೇಳಿಕೊಂಡಿದ್ದೇನೆ. ಇದೊಂದು ಬಾಯಿಗೆ ಬರಲಿಲ್ಲ.

ಈಗ ಯಾಕೆ ಬಂತು ಅಂದರೆ, ಹೋದ ಭಾನುವಾರ ನೀನು ನಿನ್ನ ಹೆಂಡತಿಯ ಬಗ್ಗೆ ಮಾತಿನ ನಡುವೆ ನಗುತ್ತಾ ಅಂದೆ: "ನಿಮ್ಮ ವೈನಿ ಅಕ್ಕಿ ಹಸನ ಮಾಡ್ಲಾಕ ಕೂತ್ರ ಅರ್ಧ ಹಸೀವೇ ತಿಂದು ಮುಗಸ್ತಾಳ ನೋಡು." ಆಮೇಲೆ ಸ್ವಲ್ಪ ಬೇಸರದಲ್ಲಿ, ಮೊದಲಿನಂತೆ ಕೆಲಸ ಆಗುತ್ತಿಲ್ಲ, ಮಧ್ಯಾಹ್ನವಾದರೆ ಮಲಗುತ್ತಾಳೆ, ಎಲ್ಲದಕ್ಕೂ ಸಿಡಿಮಿಡಿ ಅಂತ ಹೇಳಿದೆ. ನನಗೆ ನಗು ಬರಲಿಲ್ಲ. ನಿನ್ನ ಫೋನ್ ಇಟ್ಟವಳೇ ವೈನಿಗೆ ಮಾಡಿದೆ. ಎರಡು ವರ್ಷದಿಂದ ತಿಂಗಳಿಗೆ ಹತ್ತು ಹನ್ನೊಂದು ದಿನ ಹೋಗುತ್ತಿದೆಯಂತೆ. ನಿನಗೆ ಗೊತ್ತೇ ಇಲ್ಲ. ನಾಲ್ಕು ಜನ ಓದುವ ಕಡೆ ಇದನ್ನು ಹಾಕಲಾ ಅಂತ ಅವರನ್ನು ಕೇಳಿಯೇ ಹಾಕುತ್ತಿದ್ದೇನೆ. "ಹೆಸರೊಂದು ಬ್ಯಾಡ್ರಿ, ಉಳಿದಿದ್ದು ಬರೀರಿ" ಅಂದರು.

ಹಸಿ ಅಕ್ಕಿ ಅಂದ ಕೂಡಲೇ ನನಗೆ ನನ್ನ ಬಳಪ ನೆನಪಾಯಿತು. ನಲಿ-ಕಲಿ ತರಗತಿಯ ಡಬ್ಬದಿಂದ ಮೊದಲು ಚೂರುಪಾರು ಬಾಯಿಗೆ ಹಾಕುತ್ತಿದ್ದೆ, ಆಮೇಲೆ ಹೊಸ ಬಳಪಕ್ಕೇ ಕೈ ಹಾಕಿದೆ. ಹಲ್ಲಿನ ಕೆಳಗೆ ಕಟ್ ಅಂದರೆ ಅದೇನೋ ಸಮಾಧಾನ. ಮೊದಲ ಮಳೆಗೆ ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರು. ಒಂದು ದಿನ ಒಂದನೇ ತರಗತಿಯ ಹುಡುಗಿ ಎದುರಿಗೆ ಬಂದು ನಿಂತು, "ಟೀಚರ್, ನಿಮ್ಮ ತುಟಿಗಿ ಬಳಪ ಹತ್ಯಾದ" ಅಂದಳು. ಸೆರಗಿನಿಂದ ಒರೆಸಿಕೊಂಡೆ. ಮೈಯಲ್ಲಿ ಕಬ್ಬಿಣದ ಅಂಶ ತೀರಿದವರಿಗೆ ಹೀಗೆ ಮಣ್ಣು, ಬಳಪ, ಹಸಿ ಅಕ್ಕಿ, ಐಸ್ ತಿನ್ನುವ ಚಟ ಹತ್ತುವುದುಂಟು ಅಂತ ಡಾಕ್ಟರ್ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ಮಕ್ಕಳ ಬಳಪ ಕದಿಯುವ ಕಳ್ಳಿ ಅಂತ ನನ್ನನ್ನು ನಾನೇ ಬೈದುಕೊಂಡಿದ್ದೆ. ಇದರಲ್ಲಿ ಇನ್ನೊಂದು ಮಜಾ ಇದೆ. ವಾರಕ್ಕೊಮ್ಮೆ ದೊಡ್ಡ ತರಗತಿಯ ಮಕ್ಕಳಿಗೆ ನೀಲಿ ಐರನ್ ಮಾತ್ರೆ ನುಂಗಿಸುವ ಕೆಲಸ ಶಾಲೆಯಲ್ಲಿ ನನ್ನದೇ.

ಮುಚ್ಚಿಡುವುದರಲ್ಲಿ ನಾನು ಪಳಗಿದ್ದೆ. ಕಪ್ಪು ಲಂಗ, ಒಂದರ ಮೇಲೊಂದು ಎರಡು ಪ್ಯಾಡ್, ಹಾಸಿಗೆ ಮೇಲೆ ನಾಲ್ಕು ಮಡಿಕೆ ಹಳೆ ಟವೆಲ್. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ಏದುಸಿರು ಬಂದರೆ, ಮೊಬೈಲ್ ನೋಡುವವಳಂತೆ ನಿಲ್ಲುತ್ತಿದ್ದೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಉಷ್ಣ. ನಮ್ಮ ಕಲಬುರಗಿ ಬಿಸಿಲಿಗೆ ಏನು ಬಂದರೂ ಉಷ್ಣವೇ ಅಲ್ವಾ? ಕಾಮಕಸ್ತೂರಿ ಬೀಜ ನೆನೆಸಿ ಕುಡಿ ಅಂದರು, ಕುಡಿದೆ. "ನಮಗೂ ಹಿಂಗೇ ಆಗ್ತಿತ್ತು, ಏನ್ ಸತ್ತೀವೇನು" ಅಂದರು ಅತ್ತೆ. ಅವರ ತಪ್ಪಲ್ಲ. ಅವರಿಗೂ ಯಾರೂ ಲೆಕ್ಕ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ನಿನಗೆ ಅರ್ಥವಾಗುತ್ತದೆ, ಅಡತಿ ಅಂಗಡಿ ನಡೆಸುವವನು. ಒಂದು ಮಿಲಿ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಾಮಾನ್ಯ ಮುಟ್ಟಿನಲ್ಲಿ ಹೋಗುವುದು 30ರಿಂದ 40 ಮಿಲಿ ರಕ್ತ. 80 ದಾಟಿದರೆ ಜಾಸ್ತಿ ಅಂತ ಹಿಡಿಯುತ್ತಾರೆ. 80 ಮಿಲಿ ಹೋದರೆ 40 ಮಿಲಿಗ್ರಾಂ ಕಬ್ಬಿಣ ಖರ್ಚಾಯಿತು. ಜಮಾ ಎಷ್ಟು? ಊಟದಿಂದ ಮೈ ಹೀರಿಕೊಳ್ಳುವುದು ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ. ಅದರಲ್ಲೂ ಒಂದರಷ್ಟು ದಿನದಿನದ ಸವೆತಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಈ ಖರ್ಚು ತೂಗುವುದಿಲ್ಲ. ಮೊದಲು ಗೋದಾಮಿನ ಹಳೆ ಸ್ಟಾಕ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ, ಕರಗುತ್ತದೆ. ಅದನ್ನು ಅಳೆಯುವುದಕ್ಕೆ ಫೆರಿಟಿನ್ ಅಂತ ಒಂದು ರಕ್ತ ಪರೀಕ್ಷೆ ಇದೆ. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಅಂಗಡಿ ಮುಂದಿನ ತೊಗರಿ ಖಾಲಿಯಾದದ್ದು ನಿನಗೆ ಕಾಣುವ ಹೊತ್ತಿಗೆ ಗೋದಾಮು ಯಾವಾಗಲೋ ಬರಿದು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ನಮ್ಮಲ್ಲಿ ಸುಸ್ತು ಅನ್ನುವುದು ಹೆಂಗಸರ ಸ್ವಭಾವ ಅಂತಲೇ ಆಗಿಬಿಟ್ಟಿದೆ.

ಮಿಲಿ ಯಾರೂ ಅಳೆಯುವುದಿಲ್ಲ, ಸರಿ. ಆದರೆ ದಿನ ಎಣಿಸಬಹುದು. ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಪ್ಯಾಡ್ ಬದಲಿಸಲು ರಾತ್ರಿ ಏಳಬೇಕಾದರೆ, ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು ಬಿದ್ದರೆ ಅದು ಜಾಸ್ತಿಯೇ. ನಿಮ್ಮ ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಪ್ಯಾಡಿಗೊಂದು ಚುಕ್ಕೆ ಇಡಲು ವೈನಿಗೆ ಹೇಳಿದ್ದೇನೆ. ನೀನು ನೋಡಿಯೂ ನೋಡದವನಂತೆ ಇರಬೇಡ.

ಈಗ ನಾನು ಹೆದರುವ ವಿಷಯಕ್ಕೆ ಬರುತ್ತೇನೆ. ಚೀಲ ಅಂದರೆ ನಿನಗೆ ತೊಗರಿ ಚೀಲ, ನಮ್ಮ ಕಡೆ ಹೆಂಗಸರಿಗೆ ಗರ್ಭಚೀಲ. ನಾನು ಮೊದಲು ಹೋದ ಕಡೆ ಸ್ಕ್ಯಾನ್ ನೋಡಿ ಹತ್ತು ನಿಮಿಷಕ್ಕೆ, "ಎರಡು ಮಕ್ಕಳಾಗಿವೆಯಲ್ಲ, ಚೀಲ ತೆಗೆಸಿಬಿಡಿ, ತಲೆನೋವೇ ಇರಲ್ಲ" ಅಂದರು. ದುಡ್ಡು ಎಷ್ಟು ಅಂತಲೂ ಹೇಳಿದರು. ರಕ್ತ ಎಷ್ಟಿದೆ ಅಂತ ಮಾತ್ರ ನೋಡಲಿಲ್ಲ. ನಾನು ಒಪ್ಪಿಯೂ ಬಿಟ್ಟಿದ್ದೆ, ಅಷ್ಟು ಸಾಕಾಗಿತ್ತು. ತಡೆದದ್ದು ಒಂದು ಹಳೆ ಸುದ್ದಿ. 2015ರ ಸುಮಾರಿಗೆ ನಮ್ಮ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಡದಿದ್ದರೂ ಗರ್ಭಚೀಲ ತೆಗೆದದ್ದು ದೊಡ್ಡ ಗಲಾಟೆಯಾಗಿತ್ತು, ನೆನಪಿದೆಯಾ? ಹೊಟ್ಟೆನೋವು, ಬಿಳಿ ಹೋಗುವುದು ಅಂತ ಹೋದವರು ಅವರು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಕೆಲವರಿಗೆ ತೆಗೆಯಲೇಬೇಕಾಗುತ್ತದೆ, ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ಅದು ಕೊನೆಯ ಬಾಗಿಲು. ಮೊದಲನೆಯದಲ್ಲ.

ಎರಡನೇ ಡಾಕ್ಟರ್ ಮೊದಲು ಕೇಳಿದ್ದೇ, ಎಷ್ಟು ದಿನ, ಎಷ್ಟು ಪ್ಯಾಡ್. ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನ್ ಮಾಡಿಸಿದರು. ಗರ್ಭಿಣಿಯಲ್ಲ ಅಂತ ಖಾತ್ರಿ ಮಾಡಿಕೊಂಡರು. ಥೈರಾಯ್ಡ್ ಕಡಿಮೆಯಿದ್ದರೂ ಹೀಗೆ ಹೋಗಬಹುದಂತೆ. ಗರ್ಭಚೀಲದಲ್ಲಿ ಗಡ್ಡೆ ಇದ್ದರೂ, ಕಾಪರ್-ಟಿ ಹಾಕಿಸಿದ್ದರೂ, ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇದ್ದರೂ ಆಗಬಹುದು. 45 ದಾಟಿದವರಿಗೆ ಗರ್ಭಚೀಲದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನನಗೆ ಇದ್ದದ್ದು ಒಂದು ಸಣ್ಣ ಗಡ್ಡೆ. ಹೋಗುವ ದಿನಗಳಲ್ಲಿ ಮಾತ್ರ ನುಂಗಲು, ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟರು. ನೀನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಬಿಡಬೇಡ. ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಅದು ಕೊಡಬಾರದು. ಆಮೇಲೆ ಕಾಪರ್-ಟಿ ಥರದ್ದೇ ಇನ್ನೊಂದು, ಒಳಗೇ ಇದ್ದು ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಡುವುದು, ಹಾಕಿದರು. ಮೊದಲ ನಾಲ್ಕು ತಿಂಗಳು ಬಿಟ್ಟುಬಿಟ್ಟು ಚುಕ್ಕೆ ಕಂಡು ತಲೆ ಕೆಟ್ಟಿತ್ತು. ಈಗ ತಿಂಗಳಿಗೆ ಎರಡು ದಿನ, ಅದೂ ಹೆಸರಿಗೆ.

ರಕ್ತ ತುಂಬಿಸಿಕೊಂಡ ಕಥೆ ಬೇರೆ. ಒಂದು ಬಾಟಲಿ ರಕ್ತಕ್ಕೆ ಹಿಮೋಗ್ಲೋಬಿನ್ ಏರುವುದು ಬರೀ ಒಂದು ಪಾಯಿಂಟ್. ಹಾಗಾಗಿ ಜೀವಕ್ಕೆ ಧೈರ್ಯ ಬರುವಷ್ಟು ರಕ್ತ ಕೊಟ್ಟು, ಆಮೇಲೆ ಐರನ್ ಸಲೈನ್ ಹಚ್ಚಿದರು. ಅದರ ಬಣ್ಣ ನೋಡಬೇಕಿತ್ತು, ಥೇಟ್ ಕಡಕ್ ಡಿಕಾಕ್ಷನ್. ಊಟದ ಜೊತೆ ಚಹಾ ಕುಡಿಯಲೇಬೇಡಿ ಅಂದವರೇ ಚಹಾದ ಬಣ್ಣದ್ದನ್ನು ನರಕ್ಕೆ ಬಿಡುತ್ತಿದ್ದರು. ಚಹಾ ಬಿಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ಸುಳ್ಳೇಕೆ. ರೊಟ್ಟಿ ತಿಂದ ಕೈ ತೊಳೆಯುವ ಮೊದಲೇ ಕಪ್ಪು ಹಿಡಿಯುವ ಊರಿನವರು ನಾವು. ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಚಹಾ ಬಿಡುವುದಿಲ್ಲ. ಈಗ ಊಟಕ್ಕೂ ಚಹಾಕ್ಕೂ ಒಂದೂವರೆ ಗಂಟೆ ಅಂತರ.

ಬೀಟ್‌ರೂಟ್ ತಿಂದರೆ ರಕ್ತ ಬರುತ್ತದೆ ಅಂತ ನೀನು ಚೀಲಗಟ್ಟಲೆ ತರುತ್ತೀಯ ಅಂತ ಗೊತ್ತು. ಅದರಲ್ಲಿ ಬಣ್ಣ ಇದೆ, ಕಬ್ಬಿಣ ಅಷ್ಟಿಲ್ಲ. ನಿಮ್ಮ ಮನೆಯಲ್ಲಿ ಮಾಂಸ ಇಲ್ಲ. ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ರಾಜಗಿರಿ ಸೊಪ್ಪು ಇರಲಿ, ಮೇಲೆ ನಿಂಬೆಹಣ್ಣು ಹಿಂಡಲಿ. ಪೇರಲ ಹಣ್ಣು, ನೆಲ್ಲಿಕಾಯಿ ಸಿಕ್ಕರೆ ಒಳ್ಳೆಯದು. ಎಳ್ಳ ಅಮಾವಾಸ್ಯೆಗೆ ಸೊಪ್ಪು, ಕಾಳು ಹಾಕಿ ಮಾಡುವ ಭಜ್ಜಿ ವರ್ಷಕ್ಕೊಮ್ಮೆ ಯಾಕೆ ಅಂತ ನಾನಂತೂ ಈಗ ತಿಂಗಳಿಗೊಮ್ಮೆ ಮಾಡುತ್ತೇನೆ. ಆದರೆ ಇಷ್ಟು ಇಳಿದ ಮೇಲೆ ಬರೀ ಊಟದಿಂದ ಏರುವುದಿಲ್ಲ, ಮಾತ್ರೆ ಬೇಕೇ ಬೇಕು. ಮಾತ್ರೆಗೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ಕಟ್ಟಿದರೆ ಡಾಕ್ಟರ್‌ಗೆ ಹೇಳಿ, ದಿನ ಬಿಟ್ಟು ದಿನ ಕೊಡುತ್ತಾರೆ. ನನಗೆ ಹಾಗೇ ಕೊಟ್ಟಿದ್ದು. ಹಿಮೋಗ್ಲೋಬಿನ್ 12ಕ್ಕೆ ಬಂತು ಅಂತ ನಿಲ್ಲಿಸಬಾರದು, ಇನ್ನೂ ಮೂರು ತಿಂಗಳು ನುಂಗಬೇಕು. ಗೋದಾಮು ತುಂಬಬೇಕಲ್ಲ. ಮುಖ್ಯವಾಗಿ, ಯಾಕೆ ಹೋಗುತ್ತಿದೆ ಅಂತ ನೋಡದೆ ಮಾತ್ರೆ ಒಂದನ್ನೇ ನುಂಗಿಸಿದರೆ ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ಎರಡು ವರ್ಷ ನಾನು ಮಾಡಿದ್ದು ಅದನ್ನೇ.

ಶನಿವಾರ ಬೆಳಗ್ಗೆ ವೈನಿಯನ್ನು ಕರೆದುಕೊಂಡು ಬಾ, ನನಗೆ ನೋಡಿದ ಡಾಕ್ಟರ್ ಹತ್ತಿರ ಹೋಗೋಣ. ಅಷ್ಟರಲ್ಲಿ ಗಂಟೆಗೊಂದು ಪ್ಯಾಡ್ ನೆನೆಯಲು ಶುರುವಾದರೆ, ಕೂತಲ್ಲೇ ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಶನಿವಾರದವರೆಗೆ ಕಾಯಬೇಡ. ಅವತ್ತೇ ಯಾದಗಿರಿಯಲ್ಲೇ ಆಸ್ಪತ್ರೆಗೆ ಹೋಗು.

ರೈಲಿಗೇ ಬಾ. ಬಸ್ಸು ಫ್ರೀ ಅಂತ ವೈನಿ ಬಸ್ಸೇ ಅನ್ನುತ್ತಾರೆ, ಕೇಳಬೇಡ. ಬಸ್ಸಿನಲ್ಲಿ ಬಾತ್‌ರೂಮ್ ಇರುವುದಿಲ್ಲ. ಹಳೆ ರಿಪೋರ್ಟ್ ಏನಾದರೂ ಇದ್ದರೆ ತಾ. ಕ್ಯಾಲೆಂಡರಿನ ಹಾಳೆಯನ್ನೂ ಹರಿದುಕೊಂಡು ಬಾ, ಹಾಲಿನ ಲೆಕ್ಕ ಇದ್ದರೂ ಪರವಾಗಿಲ್ಲ.

ನಿನ್ನ ಗೆಳತಿ